ಒಂದೇ ‘ಯೂನಿಟ್’, ಮೂರು ಅರ್ಥ: ಹಿಮೋಫಿಲಿಯಾ ಚಿಕಿತ್ಸೆಯ ಪರಿಭಾಷೆ

ಹಿಮೋಫಿಲಿಯಾಕ್ಕೆ ಕನ್ನಡದಲ್ಲಿ ‘ಕುಸುಮ ರೋಗ’ ಎಂಬ ಹೆಸರು ಬಳಕೆಯಲ್ಲಿದೆ. ರೋಗದ ಸ್ವರೂಪವೇನೆಂಬುದು ಈ ಹೆಸರಿನಿಂದ ಗೊತ್ತಾಗುವುದಿಲ್ಲ. 1828ರಲ್ಲಿ ಫ್ರೆಡ್ರಿಕ್ ಹಾಫ್ ತನ್ನ ಪ್ರಬಂಧದಲ್ಲಿ ಬಳಸಿದ ಮೂಲ ಪದವೂ ಅಷ್ಟೆ. ಗ್ರೀಕಿನಲ್ಲಿ ಅದರ ಅರ್ಥ ರಕ್ತದ ಒಲವು. ಹೆಸರಿನ ಚರ್ಚೆ ಇಷ್ಟು ಸಾಕು. ಹೆಚ್ಚಿನ ಅಪಾಯವಿರುವುದು ಚಿಕಿತ್ಸೆಯ ಸುತ್ತ ದಿನವೂ ಆಡುವ ಪದಗಳಲ್ಲಿ ಎಂಬುದು ನನ್ನ ವಾದ.

‘ಬ್ಲೀಡಿಂಗ್ ಆಗಿದೆ’ ಎಂದು ತಾಯಿ ಹೇಳುತ್ತಾಳೆ. ಹುಡುಗನ ಮೈಮೇಲೆ ಒಂದು ಹನಿ ರಕ್ತವೂ ಕಾಣದು. ಮೊಣಕಾಲಿನೊಳಗೆ ಮೊದಲು ಜುಮುಜುಮು, ಆಮೇಲೆ ಬಿಸಿ, ಬಿಗಿತ. ಬಾವು ಕಾಣುವ ಹೊತ್ತಿಗೆ ಕೀಲಿನಲ್ಲಿ ರಕ್ತ ತುಂಬಿರುತ್ತದೆ. ಹಿಮೋಫಿಲಿಯಾ ಇರುವವರ ರಕ್ತ ಬೇರೆಯವರಿಗಿಂತ ವೇಗವಾಗಿ ಹರಿಯುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುವುದರಿಂದ ಹೆಚ್ಚು ಹೊತ್ತು ಸುರಿಯುತ್ತದೆ. ಒಂದೇ ಕೀಲಿನಲ್ಲಿ ಪದೇ ಪದೇ ಹೀಗಾದರೆ ಮೃದ್ವಸ್ಥಿ ಸವೆದು ಕಾಲು ಸೊಟ್ಟಗಾಗುತ್ತದೆ. ಹಾಗಾಗಿ ‘ಕೀಲಿನೊಳಗಿನ ರಕ್ತಸ್ರಾವ’ ಎಂದೇ ಪೂರ್ತಿಯಾಗಿ ಹೇಳಬೇಕು.

‘ಫ್ಯಾಕ್ಟರ್ ಹಾಕಿಸಬೇಕು’ ಎಂಬ ಮಾತಿನಲ್ಲಿ ಅಂಕಿಯೇ ಬಿಟ್ಟುಹೋಗುತ್ತದೆ. ಫ್ಯಾಕ್ಟರ್ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು. ಹಿಮೋಫಿಲಿಯಾದ ಎ ವಿಧದಲ್ಲಿ ಕೊರತೆಯಾಗಿರುವುದು 8ನೇ ಫ್ಯಾಕ್ಟರ್, ಬಿ ವಿಧದಲ್ಲಿ 9ನೆಯದು. 1952ರಲ್ಲಿ ಬಿ ವಿಧವನ್ನು ಬೇರೆಯೆಂದು ಗುರುತಿಸಿದಾಗ ಅದಕ್ಕೆ ‘ಕ್ರಿಸ್‌ಮಸ್ ಕಾಯಿಲೆ’ ಎಂಬ ಹೆಸರು ಬಂತು; ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಸ್ಟೀಫನ್ ಕ್ರಿಸ್‌ಮಸ್ ಎಂಬ ಬಾಲಕನ ಮನೆತನದ ಹೆಸರು. 20 ಕಿಲೋ ತೂಕದ ಮಗುವಿನ ರಕ್ತದಲ್ಲಿ ಫ್ಯಾಕ್ಟರ್ ಮಟ್ಟವನ್ನು ಶೇ. 40ರಷ್ಟು ಏರಿಸಬೇಕೆನ್ನಿ. ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ 8ನೇ ಫ್ಯಾಕ್ಟರ್ ಸುಮಾರು ಶೇ. 2 ಏರುತ್ತದೆ, 9ನೆಯದು ಸುಮಾರು ಶೇ. 1. ಅಂದರೆ ಮೊದಲನೆಯದಕ್ಕೆ 400 ಯೂನಿಟ್, ಎರಡನೆಯದಕ್ಕೆ 800.

ತೀರಾ ಗೊಂದಲ ಹುಟ್ಟಿಸುವ ಪದ ಈ ‘ಯೂನಿಟ್’. ರಕ್ತನಿಧಿಯಲ್ಲಿ ಒಂದು ಯೂನಿಟ್ ಎಂದರೆ 350 ಅಥವಾ 450 ಮಿಲಿ ಲೀಟರಿನ ಒಂದು ಚೀಲ. ಫ್ಯಾಕ್ಟರ್ ಸೀಸೆಯ ಮೇಲಿನ ಒಂದು ಯೂನಿಟ್ ಎಂದರೆ ಆರೋಗ್ಯವಂತರ ಒಂದು ಮಿಲಿ ಲೀಟರ್ ಪ್ಲಾಸ್ಮಾದಲ್ಲಿರುವಷ್ಟು ಫ್ಯಾಕ್ಟರ್. ‘400 ಯೂನಿಟ್ ಬೇಕು’ ಎಂದು ಕೇಳಿ ಅಪ್ಪ ದಾನಿಗಳನ್ನು ಹುಡುಕಹೊರಟರೆ ತಪ್ಪು ಅವನದಲ್ಲ. ಮೂರನೆಯದು ಬೆಥೆಸ್ಡಾ ಯೂನಿಟ್; ಅದು ‘ಇನ್ಹಿಬಿಟರ್’ ಅಳೆಯುವ ಮಾನ. ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನು ದೇಹ ಪರಕೀಯವೆಂದು ಬಗೆದು ಅದರ ವಿರುದ್ಧ ತಯಾರಿಸುವ ಪ್ರತಿಕಾಯವೇ ಇನ್ಹಿಬಿಟರ್. ಇದಕ್ಕೆ ‘ಪ್ರತಿರೋಧ’ ಎಂಬ ಅನುವಾದ ಸಲ್ಲದು. ರೋಗನಿರೋಧಕ ಶಕ್ತಿ ಹೆಚ್ಚಿದೆಯೆಂದು ಮನೆಯವರು ಸಮಾಧಾನಪಟ್ಟುಕೊಂಡಾರು. ‘ಫ್ಯಾಕ್ಟರ್ ತಡೆಯುವ ಪ್ರತಿಕಾಯ’ ಎಂದರೆ ಸರಿಯಾಗುತ್ತದೆ.

ಎಮಿಸಿಜುಮಾಬ್ ಬಂದ ಮೇಲೆ ಅದನ್ನೂ ‘ಫ್ಯಾಕ್ಟರ್ ಇಂಜೆಕ್ಷನ್’ ಎನ್ನುವುದುಂಟು. ಅದು ಫ್ಯಾಕ್ಟರ್ ಅಲ್ಲ. 9 ಮತ್ತು 10ನೇ ಫ್ಯಾಕ್ಟರುಗಳನ್ನು ಹತ್ತಿರ ತಂದು, ಇಲ್ಲದ 8ನೆಯದರ ಕೆಲಸವನ್ನು ತಾನು ಮಾಡುವ ಪ್ರತಿಕಾಯ ಅದು. ಚರ್ಮದಡಿ ಚುಚ್ಚುವ ಈ ಔಷಧ ರಕ್ತಸ್ರಾವವಾಗದಂತೆ ಕಾಯಲು ಇರುವುದು, ಶುರುವಾದುದನ್ನು ನಿಲ್ಲಿಸಲು ಅಲ್ಲ. ಬಿ ವಿಧಕ್ಕೆ ಇದು ನಾಟುವುದಿಲ್ಲ.

ಹಿಮೋಫಿಲಿಯಾದ ವಂಶವಾಹಿಯನ್ನು ಮಕ್ಕಳಿಗೆ ದಾಟಿಸಬಲ್ಲ ಹೆಣ್ಣನ್ನು ‘ವಾಹಕಿ’ ಎನ್ನುತ್ತಾರೆ. ಈ ಪದ ಅವಳಿಗೆ ಎರಡು ಬಗೆಯಲ್ಲಿ ಅನ್ಯಾಯ ಮಾಡುತ್ತದೆ. ಆಕೆ ರೋಗ ಹೊತ್ತು ತಂದವಳೆಂಬ ದೂರಿಗೆ ಎಡೆಕೊಡುತ್ತದೆ, ಆಕೆಗೆ ತೊಂದರೆಯಿಲ್ಲವೆಂದು ನಂಬಿಸುತ್ತದೆ. ಸುಮಾರು ಮೂರನೇ ಒಂದು ಭಾಗ ಪ್ರಕರಣಗಳಲ್ಲಿ ಮನೆತನದಲ್ಲಿ ಯಾರಿಗೂ ರೋಗವಿರುವುದಿಲ್ಲ, ವಂಶವಾಹಿಯ ಬದಲಾವಣೆ ಹೊಸದು. ವಾಹಕಿಯ ಫ್ಯಾಕ್ಟರ್ ಮಟ್ಟವೂ ಕಡಿಮೆಯಿರಬಹುದು; ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗಬಹುದು. ಅವಳದನ್ನೂ ಪರೀಕ್ಷಿಸಲೇಬೇಕು.

ಆಸ್ಪತ್ರೆಗಳಲ್ಲಿ ನನ್ನ ಮನವಿ ಇಷ್ಟು: ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ರೋಗದ ವಿಧ, ಫ್ಯಾಕ್ಟರಿನ ಅಂಕಿ, ತೂಕಕ್ಕೆ ತಕ್ಕ ಯೂನಿಟ್, ಇನ್ಹಿಬಿಟರ್ ಇದೆಯೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಬರೆದುಕೊಡಿ.