ಕಡಲ ಕೈಪಿಡಿಗಳು: ಅರಬ್ಬೀ ಸಮುದ್ರದ ನೌಕಾಗ್ರಂಥಗಳ ಒಂದು ಪರಿಶೀಲನೆ

ಅರಬ್ಬೀ ಸಮುದ್ರದ ಹಾಯಿಹಡಗುಗಳ ಚರಿತ್ರೆಗೆ ಆಧಾರವಾಗಿರುವ ಗ್ರಂಥಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಹಡಗು ನಡೆಸಿದವರು ಅಥವಾ ಹಡಗಿನಲ್ಲಿ ಸರಕು ಸಾಗಿಸಿದವರು ತಮ್ಮ ಕಸುಬಿನವರಿಗಾಗಿ ಬರೆದ ಕೈಪಿಡಿಗಳು, ಹಡಗೇರಿ ಬಂದ ಪ್ರವಾಸಿಗಳ ವೃತ್ತಾಂತಗಳು, ಮತ್ತು ದಡದಲ್ಲಿದ್ದ ವಿದ್ವಾಂಸರು ರಚಿಸಿದ ಶಾಸ್ತ್ರಗ್ರಂಥಗಳು. ಈ ಮೂರೂ ಒಂದೇ ಕಡಲನ್ನು ಕುರಿತು ಹೇಳಿದರೂ ಅವುಗಳ ಸಾಕ್ಷ್ಯಕ್ಕೆ ಒಂದೇ ತೂಕವಿಲ್ಲ. ಹಡಗು ಹೇಗೆ ನಡೆಯುತ್ತಿತ್ತು ಎಂಬುದನ್ನು ಅರಿಯಲು ಮೊದಲು ತೆರೆಯಬೇಕಾದುದು ಕೈಪಿಡಿಯನ್ನು ಎಂಬುದನ್ನು ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ.

ಇವುಗಳಲ್ಲಿ ಅತಿ ಪ್ರಾಚೀನವಾದುದು ಕ್ರಿ.ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’. ‘ಪೆರಿಪ್ಲಸ್’ ಎಂದರೆ ದಡವನ್ನು ಅನುಸರಿಸಿ ಸಾಗುವ ಯಾನದ ವಿವರಣೆ. ‘ಎರಿತ್ರಿಯನ್ ಸಮುದ್ರ’ ಎಂಬುದು ಕೆಂಪು ಸಮುದ್ರವೂ ಸೇರಿದಂತೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗಕ್ಕೆ ಗ್ರೀಕರು ಇಟ್ಟ ಹೆಸರು. ಕರ್ತೃವಿನ ಹೆಸರು ಉಳಿದಿಲ್ಲವಾದರೂ, ಆತ ಈಜಿಪ್ಟಿನಲ್ಲಿ ನೆಲೆಸಿದ್ದ ಗ್ರೀಕ್ ವರ್ತಕನೆಂಬುದು ಬರವಣಿಗೆಯಿಂದಲೇ ತಿಳಿಯುತ್ತದೆ. 66 ಕಿರು ಅಧ್ಯಾಯಗಳ ಈ ಕೃತಿಯು ಹೈಡೆಲ್‌ಬರ್ಗಿನಲ್ಲಿರುವ ಹತ್ತನೆಯ ಶತಮಾನದ ಹಸ್ತಪ್ರತಿಯೊಂದರ ಮೂಲಕ ಉಳಿದು ಬಂದು, 1533ರಲ್ಲಿ ಬಾಸೆಲ್‌ನಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಭಾರತಕ್ಕೆ ಹೊರಡುವ ಹಡಗುಗಳು ಜುಲೈ ತಿಂಗಳಿನಲ್ಲಿ ಈಜಿಪ್ಟನ್ನು ಬಿಡಬೇಕು ಎಂಬ ಸೂಚನೆಯೊಂದಿಗೆ, ಯಾವ ಬಂದರಿನಲ್ಲಿ ಏನು ಬಿಕರಿಯಾಗುತ್ತದೆ, ಎಲ್ಲಿ ಲಂಗರು ನಿಲ್ಲುತ್ತದೆ ಎಂಬುದನ್ನೆಲ್ಲ ಆತ ಕ್ರಮವಾಗಿ ದಾಖಲಿಸಿದ್ದಾನೆ.

ಬರಿಗಾಜ, ಅಂದರೆ ಇಂದಿನ ಭರೂಚ್ ಬಂದರನ್ನು ಕುರಿತ ಭಾಗ ಈ ಗ್ರಂಥದ ಗುಣವನ್ನು ಹತ್ತಿರದಿಂದ ಕಾಣಿಸುತ್ತದೆ. ಅಲ್ಲಿಯ ಅಳಿವೆಯನ್ನು ಗುರುತಿಸುವುದೂ ದಾಟುವುದೂ ಕಷ್ಟವಾದ್ದರಿಂದ, ಅರಸನ ಸೇವೆಯಲ್ಲಿದ್ದ ಸ್ಥಳೀಯ ಮೀನುಗಾರರು ‘ತ್ರಪ್ಪಗ’, ‘ಕೊತಿಂಬ’ ಎಂಬ ದೊಡ್ಡ ದೋಣಿಗಳಲ್ಲಿ ಎದುರುಗೊಳ್ಳಲು ಬಂದು, ಉಬ್ಬರದ ನೀರು ಏರಿದಾಗ ಹಡಗನ್ನು ಎಳೆದೊಯ್ದು, ಇಳಿತದ ವೇಳೆಗೆ ನದಿಯ ಆಳವಾದ ಮಡುಗಳಲ್ಲಿ ನಿಲ್ಲಿಸುತ್ತಿದ್ದರು. ವಿದೇಶಿ ವ್ಯಾಪಾರವು ಭಾರತದ ಮೀನುಗಾರರ ಜಲಜ್ಞಾನವನ್ನು ಎಷ್ಟು ಅವಲಂಬಿಸಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಕನ್ನಡ ಮತ್ತು ತುಳು ಕರಾವಳಿಗೂ ಈ ಗ್ರಂಥಕ್ಕೂ ಸಂಬಂಧವಿದೆ. ಅದರಲ್ಲಿ ಬರುವ ‘ನೌರ’ ಎಂಬ ಬಂದರನ್ನು ಕೆಲವು ವಿದ್ವಾಂಸರು ಹೊನ್ನಾವರವೆಂದೂ, ಕೆಲವರು ಮಂಗಳೂರೆಂದೂ, ಇನ್ನು ಕೆಲವರು ಕಣ್ಣೂರೆಂದೂ ಗುರುತಿಸಿದ್ದು, ಈ ಚರ್ಚೆ ಇನ್ನೂ ತೀರ್ಮಾನವಾಗಿಲ್ಲ. ಪೂರ್ವ ಕರಾವಳಿಯ ಪ್ರಸ್ತಾಪದಲ್ಲಿ, ಒಂಟಿಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ‘ಸಂಗರ’ ಎಂಬ ನೌಕೆಯ ಹೆಸರು ಬರುತ್ತದೆ. ಇದನ್ನು ವಿದ್ವಾಂಸರು ಮಲಯಾಳದ ‘ಚಙ್ಙಾಡಂ’, ತುಳುವಿನ ‘ಜಂಗಾಲ’ ಎಂಬ ಪದಗಳೊಂದಿಗೆ ಹೋಲಿಸಿದ್ದಾರೆ.

ಇದೇ ಪರಂಪರೆಯ ಪ್ರೌಢ ಫಲವೆಂದರೆ ಅಹ್ಮದ್ ಇಬ್ನ್ ಮಾಜಿದನು ಸುಮಾರು 1490ರಲ್ಲಿ ಅರಬ್ಬೀ ಭಾಷೆಯಲ್ಲಿ ಪೂರ್ಣಗೊಳಿಸಿದ ‘ಕಿತಾಬ್ ಅಲ್-ಫವಾಯಿದ್’. ಇಂದಿನ ರಾಸ್ ಅಲ್-ಖೈಮಾ ಸಮೀಪದ ಜುಲ್ಫಾರಿನವನಾದ ಈತನ ತಂದೆಯೂ ಅಜ್ಜನೂ ಹಡಗಿಗೆ ದಾರಿ ತೋರುವ ‘ಮುಅಲ್ಲಿಮ್’ ವೃತ್ತಿಯವರೇ ಆಗಿದ್ದರು. ಹನ್ನೆರಡು ಭಾಗಗಳ ಈ ಗ್ರಂಥ ನಕ್ಷತ್ರಗಳ ಉದಯಾಸ್ತಗಳಿಂದ ಹೆಸರು ಪಡೆದ 32 ದಿಕ್ಕುಗಳನ್ನೂ, ಧ್ರುವತಾರೆಯ ಎತ್ತರವನ್ನು ‘ಇಸ್ಬಾ’ ಅಂದರೆ ಬೆರಳಿನ ಅಳತೆಯಲ್ಲಿ ಹಿಡಿಯುವ ಕ್ರಮವನ್ನೂ ಬೋಧಿಸುತ್ತದೆ. ಇಂತಹ ಅಳತೆಗೆ ಹಿಂದೂ ಮಹಾಸಾಗರದ ನಾವಿಕರು ಬಳಸುತ್ತಿದ್ದ ‘ಕಮಾಲ್’ ಎಂಬುದು ನಡುವೆ ದಾರ ಪೋಣಿಸಿದ ಒಂದು ಸಣ್ಣ ಮರದ ಹಲಗೆ; ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ತಾರೆಗೂ ಹೊಂದಿಸಿದರೆ, ಯಾವ ಗಂಟಿಗೆ ಅದು ಸರಿಹೋಗುತ್ತದೆಯೋ ಅದರಿಂದ ಹಡಗು ಯಾವ ಅಕ್ಷಾಂಶದಲ್ಲಿದೆಯೆಂದು ತಿಳಿಯುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮನಿಗೆ ದಾರಿ ತೋರಿದವನು ಇಬ್ನ್ ಮಾಜಿದನೇ ಎಂಬ ಪ್ರಚಲಿತ ಹೇಳಿಕೆಯು ಹಲವು ದಶಕಗಳ ಅನಂತರದ ಅರಬ್ಬೀ ಚರಿತ್ರೆಯೊಂದನ್ನು ಆಧರಿಸಿದ್ದು, ಅದನ್ನು ಇಂದಿನ ಸಂಶೋಧಕರು ಒಪ್ಪುವುದಿಲ್ಲ.

ಗ್ರೀಕ್ ವರ್ತಕನಿಗೂ ಅರಬ್ ನಾವಿಕನಿಗೂ ನಡುವೆ ಸುಮಾರು 1,400 ವರ್ಷಗಳ ಅಂತರವಿದ್ದರೂ, ನೀರಿನಲ್ಲಿ ಕಾಣುವ ಕಡಲ ಹಾವುಗಳು ಭಾರತದ ದಡ ಸಮೀಪಿಸಿದುದರ ಗುರುತು ಎಂದು ಇಬ್ಬರೂ ಬರೆಯುತ್ತಾರೆ. ಗ್ರಂಥದಿಂದ ಗ್ರಂಥಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಹರಿದು ಬಂದಿರಬಹುದಾದ ಇಂತಹ ತಿಳಿವಳಿಕೆಯೇ ಈ ಕೈಪಿಡಿಗಳ ಜೀವಾಳ.

ಪ್ರವಾಸಿಯ ದೃಷ್ಟಿ ಬೇರೆಯದು. 14ನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತನು ‘ಫಾಕನೂರ್’, ಅಂದರೆ ಬಾರಕೂರಿನ ಅರಸನ ವಶದಲ್ಲಿ ಸುಮಾರು 30 ಹಡಗುಗಳಿದ್ದುವೆಂದೂ, ಆ ದಾರಿಯಾಗಿ ಸಾಗುವ ಪ್ರತಿಯೊಂದು ಹಡಗೂ ಅಲ್ಲಿ ತಂಗಿ ‘ಬಂದರಿನ ಹಕ್ಕು’ ಎಂಬ ಕಾಣಿಕೆಯನ್ನು ಸಲ್ಲಿಸಬೇಕಾಗಿತ್ತೆಂದೂ ತಿಳಿಸುತ್ತಾನೆ. ಬಂದರಿನ ಆಡಳಿತವನ್ನು ಅರಿಯಲು ಈ ಹೇಳಿಕೆ ಬೆಲೆಯುಳ್ಳದ್ದಾದರೂ, ಹಡಗು ಆ ಅಳಿವೆಯನ್ನು ಹೊಕ್ಕ ಬಗೆಯನ್ನು ಅದು ತಿಳಿಸುವುದಿಲ್ಲ.

ಶಾಸ್ತ್ರಗ್ರಂಥಗಳಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಚಲಿತವಾಗಿರುವ ಸಂಸ್ಕೃತ ‘ಯುಕ್ತಿಕಲ್ಪತರು’ ಮುಖ್ಯವಾದುದು. ಇದನ್ನು ಆಧರಿಸಿ ರಾಧಾಕುಮುದ ಮುಖರ್ಜಿಯವರು 1912ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಚರಿತ್ರೆಯು, ಭಾರತೀಯರು ಕಡಲಿಗೆ ಹೊರತಾದವರೆಂಬ ವಸಾಹತುಕಾಲದ ಭಾವನೆಯನ್ನು ಆಧಾರಸಹಿತವಾಗಿ ಪ್ರಶ್ನಿಸಿತು. ಆದರೆ ಯುಕ್ತಿಕಲ್ಪತರುವು ಹಡಗುಗಳನ್ನು ಉದ್ದ, ಅಗಲ, ಎತ್ತರಗಳ ಲೆಕ್ಕದಲ್ಲಿ ವರ್ಗೀಕರಿಸುತ್ತದೆ. ಹಲಗೆಗಳನ್ನು ಕಬ್ಬಿಣದಿಂದ ಬಿಗಿಯಬಾರದು, ಕಡಲಿನ ಅಯಸ್ಕಾಂತ ಅದನ್ನು ಸೆಳೆಯುತ್ತದೆ ಎನ್ನುತ್ತದೆ. ಹಲಗೆಗಳನ್ನು ಹಗ್ಗದಿಂದ ಹೊಲಿಯುವ ಪದ್ಧತಿ ನಿಜವಾಗಿಯೂ ಇತ್ತು. ಶಾಸ್ತ್ರಕಾರ ಕೊಟ್ಟ ಕಾರಣ ಮಾತ್ರ ದಡದಲ್ಲಿ ಹುಟ್ಟಿದ್ದು.

ಆದ್ದರಿಂದ ಶಾಸ್ತ್ರ ಮತ್ತು ವೃತ್ತಾಂತಗಳನ್ನು ಕೈಪಿಡಿಗಳ ಬೆಳಕಿನಲ್ಲಿ ಓದುವುದು ಸರಿಯಾದ ಕ್ರಮ. ಆ ಕೈಪಿಡಿಗಳನ್ನು ಅರ್ಥೈಸಲು ಬೇಕಾದ ಕೀಲಿಕೈಯಾದರೋ ದೋಣಿ, ಮಚವೆ, ಮಂಜಿಗಳಲ್ಲಿ ದುಡಿದ ಕರಾವಳಿಯ ಹಿರಿಯರ ಮಾತಿನಲ್ಲಿದೆ. ಗಾಳಿ, ನೀರು, ಹಗ್ಗ, ಹಾಯಿಗಳ ಹೆಸರುಗಳು ಅವರೊಂದಿಗೇ ಮರೆಯಾಗುವ ಮೊದಲು ಅವುಗಳನ್ನು ಊರೂರಿನಲ್ಲಿ ಕೇಳಿ ಬರೆದಿಡುವುದು ಕನ್ನಡ ಸಂಶೋಧಕರ ಮುಂದಿರುವ ತುರ್ತಿನ ಕೆಲಸ.