ಮೆನೋಪಾಸ್‌ಗೆ ಸಿದ್ಧತೆ ಹೇಗೆ? ಗರ್ಭಕೋಶ ತೆಗೆಸುವ ಮುನ್ನ ಈ ವಿಷಯಗಳು ಗೊತ್ತಿರಲಿ

ಪುಣೆ: ದೀಪಾವಳಿ ಹೊತ್ತಿಗೆ ಮರಾಠವಾಡದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯುವ ಕುಟುಂಬಗಳು ಪುಣೆ, ಸತಾರಾ, ಸಾಂಗ್ಲಿ, ಕೊಲ್ಹಾಪುರ ಹಾಗೂ ಗಡಿಯಾಚೆ ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳತ್ತ ಹೊರಡುತ್ತವೆ. ಈ ಹೆಂಗಸರಲ್ಲಿ ಹಲವರಿಗೆ ಮೂವತ್ತರ ಆಸುಪಾಸಿನಲ್ಲೇ ಮುಟ್ಟು ನಿಂತಿದೆ. ಕಾರಣ ವಯಸ್ಸಲ್ಲ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ.

2019ರಲ್ಲಿ ಈ ವಿಷಯ ದೊಡ್ಡ ಸುದ್ದಿಯಾದಾಗ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ನೇತೃತ್ವದಲ್ಲಿ ಸಮಿತಿ ರಚಿಸಿತು. ಬೀಡ್‌ನಲ್ಲಿ ಸಮೀಕ್ಷೆಗೆ ಒಳಪಟ್ಟ 82,309 ಕಬ್ಬು ಕಡಿಯುವ ಮಹಿಳೆಯರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅಂದರೆ ಸುಮಾರು ಆರು ಜನರಲ್ಲಿ ಒಬ್ಬರು. ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಈ ಪ್ರಮಾಣ ಶೇ. 3ರ ಆಸುಪಾಸಿನಲ್ಲಿದೆ.

ಕಬ್ಬಿನ ಗದ್ದೆಯಲ್ಲಿ ಗಂಡ-ಹೆಂಡತಿ ಜೋಡಿಯನ್ನು ಒಂದು 'ಕೊಯ್ತಾ' ಎಂದು ಲೆಕ್ಕ ಹಾಕಿ ಮುಂಗಡ ಕೊಡುತ್ತಾರೆ. ಒಂದು ದಿನ ರಜೆ ಹಾಕಿದರೂ ದಂಡ. ಅಲ್ಲಿ ಶೌಚಾಲಯವೂ ಇಲ್ಲ. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದಾಗ ಕ್ಯಾನ್ಸರ್ ಭಯ ಹುಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿದರು ಎಂದು ಅನೇಕ ಮಹಿಳೆಯರು ಹೇಳಿಕೊಂಡಿದ್ದರು. ಕಲಬುರಗಿಯ ಲಂಬಾಣಿ ತಾಂಡಾಗಳಿಂದಲೂ 2015ರಲ್ಲಿ ಇಂಥದ್ದೇ ದೂರು ಕೇಳಿಬಂದಿತ್ತು.

ನಗರದ ಮನೆಗಳಲ್ಲೂ ನಲವತ್ತು ದಾಟಿದವರಿಗೆ ಮುಟ್ಟು ಏರುಪೇರಾದರೆ "ಮಕ್ಕಳಾಗಿವೆಯಲ್ಲ, ಇನ್ನೇಕೆ ಗರ್ಭಕೋಶ, ತೆಗೆಸಿಬಿಡಿ" ಎನ್ನುವವರಿದ್ದಾರೆ. ಆದರೆ ಋತುಬಂಧ ರೋಗವಲ್ಲ. ಮೊದಲೇ ತಿಳಿದು ಸಿದ್ಧವಾದರೆ ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆಯೇ ಈ ಹಂತ ದಾಟಬಹುದು.

ಮೆನೋಪಾಸ್ ಎಂದರೇನು?

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಮೆನೋಪಾಸ್. ಸಾಮಾನ್ಯವಾಗಿ 45ರಿಂದ 55ರ ನಡುವೆ ಬರುತ್ತದೆ. ಭಾರತೀಯ ಮಹಿಳೆಯರಲ್ಲಿ ಸರಾಸರಿ 46-47ಕ್ಕೇ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು 51. 40ಕ್ಕಿಂತ ಮೊದಲೇ ಮುಟ್ಟು ನಿಂತರೆ ಅದು ಅಕಾಲಿಕ, ತಪ್ಪದೇ ವೈದ್ಯರಿಗೆ ತೋರಿಸಬೇಕು.

ಇದಕ್ಕೂ ಮುಂಚಿನ ಕೆಲವು ವರ್ಷಗಳೇ ಪೆರಿಮೆನೋಪಾಸ್. ಅಂಡಾಶಯದಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಉತ್ಪಾದನೆ ಏರಿಳಿತವಾಗುವುದರಿಂದ ಮುಟ್ಟು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತದೆ. ಹೆಚ್ಚಿನ ತೊಂದರೆಗಳು ಶುರುವಾಗುವುದೂ ಆಗಲೇ.

ಗರ್ಭಕೋಶ ತೆಗೆದರೆ ಏನಾಗುತ್ತದೆ?

ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯ ಕೆಲಸ ಮಾಡುತ್ತಿರುತ್ತದೆ. ಆದರೂ ಮೆನೋಪಾಸ್ ಕೆಲ ವರ್ಷ ಮೊದಲೇ ಬರುವ ಸಾಧ್ಯತೆ ಇದೆ. ಎರಡೂ ಅಂಡಾಶಯಗಳನ್ನು ತೆಗೆದರೆ ನಿಧಾನವಾಗಿ ಬರಬೇಕಾದ ಮೆನೋಪಾಸ್ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೂವತ್ತೈದರಲ್ಲೇ ಹೀಗಾದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸೆ ಆದವರು ಅಂಡಾಶಯ ಉಳಿಸಿದ್ದಾರೆಯೇ ಎಂದು ಡಿಸ್ಚಾರ್ಜ್ ಸಮರಿಯಲ್ಲಿ ನೋಡಿಕೊಳ್ಳಿ.

ಸಾಮಾನ್ಯ ಲಕ್ಷಣಗಳು

* ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ, ಎದೆ ಬಿಸಿಯೇರಿ ಬೆವರುವುದು (ಹಾಟ್ ಫ್ಲ್ಯಾಶ್)
* ರಾತ್ರಿ ಬೆವರಿ ಎಚ್ಚರವಾಗುವುದು, ನಿದ್ದೆ ಬಾರದಿರುವುದು
* ಸಿಡುಕು, ಆತಂಕ, ಮರೆವು
* ಕೀಲುನೋವು, ಎದೆಬಡಿತ ಹೆಚ್ಚಾದಂತೆ ಅನ್ನಿಸುವುದು
* ಯೋನಿ ಒಣಗುವುದು, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು

ಥೈರಾಯ್ಡ್ ತೊಂದರೆ ಮತ್ತು ರಕ್ತಹೀನತೆಯಲ್ಲೂ ಇವುಗಳಲ್ಲಿ ಕೆಲವು ಕಾಣಿಸುತ್ತವೆ. ಹಾಗಾಗಿ 'ವಯಸ್ಸಾಯ್ತು' ಎಂದು ಸುಮ್ಮನಾಗದೆ ಒಮ್ಮೆ ಪರೀಕ್ಷೆ ಮಾಡಿಸಿ.

ನಲವತ್ತರಿಂದಲೇ ಸಿದ್ಧತೆ

* ಮುಟ್ಟಿನ ದಿನಾಂಕ, ರಕ್ತಸ್ರಾವದ ಪ್ರಮಾಣವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಡಿ. ವೈದ್ಯರಿಗೆ ಇದೇ ಮೊದಲ ಸುಳಿವು.
* ಬಿಪಿ, ಶುಗರ್, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷಿಸಿ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಿಡಬೇಡಿ.
* ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.
* ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಐಸಿಎಂಆರ್. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಇದೆ. ಜೋಳದಲ್ಲಿ ಇದು ತೀರಾ ಕಡಿಮೆ. ದಿನವೂ ಜೋಳದ ರೊಟ್ಟಿ ತಿನ್ನುವವರು ವಾರದಲ್ಲಿ ಕೆಲವು ದಿನ ರಾಗಿ ರೊಟ್ಟಿ ಅಥವಾ ಮುದ್ದೆ ಮಾಡಿಕೊಳ್ಳಬಹುದು. ಹಾಲು, ಮೊಸರು, ಎಳ್ಳಿನ ಚಟ್ನಿಪುಡಿ ಕೂಡ ಒಳ್ಳೆಯದು.
* ದಿನಕ್ಕೆ ಅರ್ಧ ಗಂಟೆ ಚುರುಕು ನಡಿಗೆ, ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ ಮಾಡಿ. ತಂಬಾಕು, ಮಿಶ್ರಿ ಬಿಡಿ.
* ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. ಕೊನೆಯ ಮುಟ್ಟಿನ ನಂತರ, 50 ದಾಟಿದವರು ಒಂದು ವರ್ಷ, ಅದಕ್ಕಿಂತ ಚಿಕ್ಕವರು ಎರಡು ವರ್ಷ ಗರ್ಭನಿರೋಧಕ ಮುಂದುವರಿಸಬೇಕು.

ಚಿಕಿತ್ಸೆ ಏನಿದೆ?

ಹಾಟ್ ಫ್ಲ್ಯಾಶ್ ಕಡಿಮೆಯಿದ್ದರೆ ತೆಳುವಾದ ಹತ್ತಿ ಬಟ್ಟೆ, ತಂಪಾದ ಕೋಣೆ ಸಾಕಾಗಬಹುದು. ಚಹಾ-ಕಾಫಿ, ಖಾರ, ಮದ್ಯದಿಂದ ತೊಂದರೆ ಹೆಚ್ಚುತ್ತದೆಯೇ ಎಂದು ಗಮನಿಸಿ. ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ಹೆಚ್ಚು ಪರಿಣಾಮಕಾರಿ. ಇದನ್ನು 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸುವುದು ಸೂಕ್ತ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಯೋನಿ ಒಣಗುವುದಕ್ಕೆ ಹಚ್ಚುವ ಕ್ರೀಮ್‌ಗಳಿವೆ. ಯಾವುದನ್ನೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಾವೇ ತೆಗೆದುಕೊಳ್ಳಬಾರದು.

ಮನಸ್ಸಿನ ತಳಮಳ ಹೆಚ್ಚಾದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು.

'ಗರ್ಭಕೋಶ ತೆಗೆಯಬೇಕು' ಎಂದರೆ ಏನು ಕೇಳಬೇಕು?

* ಕಾರಣವೇನು? ಸ್ಕ್ಯಾನಿಂಗ್ ಅಥವಾ ಬಯಾಪ್ಸಿ ವರದಿ ಎಲ್ಲಿದೆ?
* ಮಾತ್ರೆ ಅಥವಾ ಹಾರ್ಮೋನ್ ಇರುವ ಕಾಪರ್-ಟಿ ಮಾದರಿಯ ಸಾಧನದಿಂದ ರಕ್ತಸ್ರಾವ ತಡೆಯಲು ಆಗುವುದಿಲ್ಲವೇ?
* ಅಂಡಾಶಯ ಉಳಿಸುತ್ತೀರಾ?

ಕ್ಯಾನ್ಸರ್, ದೊಡ್ಡ ಗಡ್ಡೆ, ಯಾವ ಔಷಧಕ್ಕೂ ಬಗ್ಗದ ರಕ್ತಸ್ರಾವ ಇದ್ದಾಗ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತುರ್ತು ಇಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿರುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು.

ಇದನ್ನು ಮಾತ್ರ ನಿರ್ಲಕ್ಷಿಸಬೇಡಿ

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ಸ್ತ್ರೀರೋಗ ತಜ್ಞರನ್ನು ಕಾಣಿ. ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಲಕ್ಷಣ ಸಾಮಾನ್ಯವಾಗಿ ಇದೇ, ಬೇಗ ಪತ್ತೆಯಾದರೆ ಗುಣಪಡಿಸಬಹುದು.

(ಸೂಚನೆ: ಇದು ಸಾಮಾನ್ಯ ಮಾಹಿತಿ. ಚಿಕಿತ್ಸೆಗೆ ಮುನ್ನ ವೈದ್ಯರ ಸಲಹೆ ಪಡೆಯಿರಿ.)