ಮಳವಳ್ಳಿ ಉರಿದ ಮೇಲೆ

ಮೈಸೂರು ಯುದ್ಧಗಳ ಬಗ್ಗೆ ನಮ್ಮಲ್ಲಿ ಪುಸ್ತಕಗಳಿಗೇನೂ ಬರವಿಲ್ಲ. ಯಾವ ದಂಡು ಯಾವ ಹೊಳೆಯನ್ನು ಎಂದು ದಾಟಿತು, ಎಷ್ಟು ತೋಪುಗಳಿದ್ದವು, ಯಾವ ದಳಪತಿ ಎಲ್ಲಿ ಬಿದ್ದ ಎಂಬುದೆಲ್ಲ ದಿನದ ಲೆಕ್ಕದಲ್ಲಿ ಸಿಗುತ್ತದೆ. ಆದರೆ ದಂಡು ಸಾಗಿದ ದಾರಿಯ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೆ ಹೋದರು, ಹೋದಲ್ಲಿ ಅವರಿಗೆ ಗಂಜಿ ಹಾಕಿದವರು ಯಾರು ಎಂದು ಕೇಳಿದರೆ ತಡಕಾಡಬೇಕಾಗುತ್ತದೆ. ಆ ದಾರಿ ಬೇರೆಲ್ಲೂ ಇಲ್ಲ, ಇಂದಿನ ಮಂಡ್ಯ ಜಿಲ್ಲೆಯ ನಟ್ಟನಡುವೆಯೇ ಹಾದುಹೋಗಿತ್ತು.

1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಶತ್ರುವಿಗೆ ಒಂದು ಹಿಡಿ ಹುಲ್ಲೂ ಸಿಗಬಾರದೆಂದು ಟಿಪ್ಪು ದಾರಿಯ ಸೀಮೆಯನ್ನೆಲ್ಲ ಬರಿದು ಮಾಡಿಸಿದ. ಮೇವು ಸುಟ್ಟರು, ಜನ ಜಾನುವಾರುಗಳನ್ನು ಎಬ್ಬಿಸಿದರು. ಇಂದಿನ ಕನಕಪುರ, ಅಂದಿನ ಕಾನಕಾನಹಳ್ಳಿ, ಆ ಯುದ್ಧದಲ್ಲಿ ಹೀಗೆ ಎರಡು ಸಲ ಹಾಳಾಯಿತು. ಮದ್ದೂರು ಎಂದೊಡನೆ ಈಗ ನಮಗೆ ವಡೆ ನೆನಪಾಗುತ್ತದೆ; ಹೈದರಾಲಿ ಮತ್ತೆ ಕಟ್ಟಿಸಿದ್ದ ಅಲ್ಲಿನ ಕೋಟೆಯನ್ನು ಕಾರ್ನ್‌ವಾಲಿಸ್ ಕೆಡವಿಸಿದನೆಂದು ಗೆಜೆಟಿಯರ್ ದಾಖಲಿಸುತ್ತದೆ. ಅಂದರೆ ಒಂದು ಊರನ್ನು ಕಾಯುವ ದೊರೆ ಹಾಳುಮಾಡಿದ, ಇನ್ನೊಂದನ್ನು ಏರಿ ಬಂದವನು. ಅರಕೆರೆಯ ಬಳಿ ಕಾಳಗ ಗೆದ್ದರೂ ಕಾರ್ನ್‌ವಾಲಿಸ್‌ಗೆ ಮುಂದೆ ಹೋಗಲಾಗಲಿಲ್ಲ. ಎತ್ತುಗಳು ಸಾವಿರಗಟ್ಟಲೆ ಸತ್ತು, ಅಕ್ಕಿ ಮುಗಿದು, ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಮೇಲುಕೋಟೆಯ ಹತ್ತಿರ ಮರಾಠರ ದಂಡು ಎದುರಾಗಿ ಅವರ ಬಜಾರಿನಲ್ಲಿ ದುಬಾರಿ ಬೆಲೆಗೆ ಧಾನ್ಯ ಸಿಕ್ಕಿದ್ದರಿಂದ ಅವನ ಸೈನ್ಯ ಉಳಿಯಿತು.

ಆ ಬಜಾರಿನಲ್ಲಿ ಕೊಳ್ಳಲು ಹಳ್ಳಿಯವರ ಬಳಿ ಏನಿತ್ತು? 1800ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ಕಾರ್ನ್‌ವಾಲಿಸ್ ದಂಡಯಾತ್ರೆಯ ಹಿಂದೆಯೇ ಬಂದ ಕ್ಷಾಮದ ಬಗ್ಗೆ ಬರೆದಿದ್ದಾನೆ. ಏರಿ ಬಂದ ಸೈನ್ಯಗಳಿಗೂ ಕಾಯಲು ನಿಂತ ಸೈನ್ಯಕ್ಕೂ ಅವನು ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎಲ್ಲ ಸೇರಿ ನಾಡನ್ನು ತುಳಿದದ್ದರಿಂದ ಅರ್ಧದಷ್ಟು ಜನ ಅನ್ನವಿಲ್ಲದೆ ಸತ್ತರೆಂಬುದು ಅವನ ಅಂದಾಜು. ಅವನು ಕಂಪೆನಿಯ ನೌಕರ, ಟಿಪ್ಪುವನ್ನು ಕಂಡರೆ ಆಗದವನು. ಆದರೂ ಈ ಮಾತಿನಲ್ಲಿ ತನ್ನವರನ್ನು ಅವನು ಬಿಟ್ಟುಕೊಟ್ಟಿಲ್ಲವೆಂದು ಹೇಳಲಾಗದು.

ಎಂಟು ವರ್ಷಕ್ಕೆ ಮತ್ತೆ ಅದೇ ಪಾಡು. ಮಳವಳ್ಳಿ ಟಿಪ್ಪುವಿಗೆ ಬೇರೆಯವರ ಊರಾಗಿರಲಿಲ್ಲ. ಹೈದರ್ ಅದನ್ನು ಮಗನಿಗೆ ಜಹಗೀರಾಗಿ ಕೊಟ್ಟಿದ್ದ. ಅಲ್ಲೊಂದು ದೊಡ್ಡ ಹಣ್ಣಿನ ತೋಟವೂ ಇತ್ತು. 1799ರ ಮಾರ್ಚ್ 27ರಂದು ಊರಿನ ಪಕ್ಕದಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯದೆದುರು ಸೋತು ಹಿಂದೆಗೆಯುವಾಗ, ಶತ್ರುವಿಗೆ ನೆರಳಾಗದಿರಲೆಂದು ಟಿಪ್ಪು ಆ ಮಳವಳ್ಳಿಯನ್ನೇ ನಾಶ ಮಾಡಿಸಿದ. ಹ್ಯಾರಿಸ್ ಕಾರ್ನ್‌ವಾಲಿಸ್‌ನ ಹಳೆಯ ಅರಕೆರೆ ದಾರಿಯನ್ನೇ ಹಿಡಿಯುತ್ತಾನೆಂದು ಟಿಪ್ಪು ಎಣಿಸಿದ್ದ. ಹ್ಯಾರಿಸ್ ಹಾಗೆ ಮಾಡದೆ ಸೋಸಲೆಯ ಕಡೆ ತಿರುಗಿ ಕಾವೇರಿ ದಾಟಿದ. ಸುತ್ತಲ ಹಳ್ಳಿಗಳ ಜನ ದನಕರು, ಮೇವು, ಕಾಳುಕಡ್ಡಿ ಸಮೇತ ಬಂದು ಬೀಡುಬಿಟ್ಟಿದ್ದ ಜಾಗವೇ ಆ ಸೋಸಲೆ. ಉಳಿಸಿಕೊಳ್ಳಲೆಂದು ಹೊತ್ತು ತಂದದ್ದು ಹ್ಯಾರಿಸ್‌ನ ಸೈನ್ಯದ ಹೊಟ್ಟೆಗೆ ಹೋಯಿತು.

ಟಿಪ್ಪುವನ್ನು ಹೊಗಳುವ ಸಭೆಗಳಲ್ಲಿ ಮಳವಳ್ಳಿಯ ಹೆಸರು ಬರುವುದು ಅಪರೂಪ. ಬಯ್ಯುವ ಸಭೆಗಳಲ್ಲೂ ಬರುವುದಿಲ್ಲ, ಯಾಕೆಂದರೆ ಅಲ್ಲಿ ಮನೆ ಕಳೆದುಕೊಂಡವರಲ್ಲಿ ಒಕ್ಕಲಿಗರೂ ಬ್ರಾಹ್ಮಣರೂ ಮುಸ್ಲಿಮರೂ ಇದ್ದಿರಬೇಕು. ಅಂಥ ಬೆಂಕಿಯಿಂದ ಯಾರಿಗೂ ಭಾಷಣ ಹುಟ್ಟುವುದಿಲ್ಲ. ಯುದ್ಧನೀತಿಯಾಗಿ ಅದು ಆ ಕಾಲಕ್ಕೆ ಹೊಸದಲ್ಲ, ಯುರೋಪಿನ ದೊರೆಗಳೂ ಮಾಡಿದ್ದರು. ಮನೆ ಉರಿದವನಿಗೆ ಇದರಿಂದ ಏನು ಸಮಾಧಾನ?

ನೆರವು ಎಲ್ಲಿ ಸಿಕ್ಕಿತು ಎಂಬುದಕ್ಕೆ ದಾಖಲೆ ಇರುವುದು ವಿಳಾಸ ಇದ್ದವರಿಗೆ ಮಾತ್ರ. 1791ರಲ್ಲಿ ಮರಾಠರ ಪಿಂಡಾರಿಗಳು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ಸ್ವಾಮಿಗಳು ಕಾರ್ಕಳದಲ್ಲಿ ನೆಲೆಸಬೇಕಾಯಿತು. ಶಾರದೆಯ ಪ್ರತಿಷ್ಠೆಗಾಗಿ ಇನ್ನೂರು ರಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಕೊಡುವಂತೆ ಟಿಪ್ಪು ಬಿದನೂರಿನ ಆಸಫನಿಗೆ ಆಜ್ಞೆ ಮಾಡಿದ. 1916ರಲ್ಲಿ ಆರ್. ನರಸಿಂಹಾಚಾರ್ ಮಠದಲ್ಲಿ ಆ ಕನ್ನಡ ಪತ್ರಗಳನ್ನು ಕಂಡಿದ್ದರಿಂದ ಈ ವಿಷಯ ನಮಗೆ ತಿಳಿಯಿತು. ಮಠಕ್ಕೆ ಕಡತವಿತ್ತು. ಮಳವಳ್ಳಿಯ ನೇಕಾರನಿಗೆ ಕಡತವೆಲ್ಲಿಯದು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿಯ ಲೂಟಿಯನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ತನ್ನ ಕಡೆಯವರನ್ನೇ ಗಲ್ಲಿಗೇರಿಸಬೇಕಾಯಿತು. ಹೈದರ್ ಮತ್ತು ಟಿಪ್ಪುವಿನ ಕುಟುಂಬಗಳಿಗೆ ವರ್ಷಕ್ಕೆ ಎರಡು ಲಕ್ಷ ಸ್ಟಾರ್ ಪಗೋಡಕ್ಕೆ ಕಡಿಮೆಯಾಗದ ಮೊತ್ತವನ್ನು ಒಪ್ಪಂದದಲ್ಲೇ ಎತ್ತಿಟ್ಟರು, ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು. ಮರುವರ್ಷ ದೋಂಡಿಯಾ ವಾಘ್ ಸತ್ತಾಗ ಅವನ ಸಾಮಾನುಗಳ ನಡುವೆ ಸಿಕ್ಕ ನಾಲ್ಕು ವರ್ಷದ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿದ, ಊರು ಬಿಡುವಾಗ ಅವನ ಪೋಷಣೆಗೆಂದು ನಾನೂರು ಪೌಂಡ್ ಬಿಟ್ಟುಹೋದ. ಆ ಯತೀಮ ಹುಡುಗ ಮುಂದೆ ಮೈಸೂರು ಅರಸರ ಸೇವೆಗೆ ಸೇರಿದ. ಕತೆ ಬರೆಯುವ ನನಗೆ ಈ ಪ್ರಸಂಗ ಇಷ್ಟ. ಆದರೆ ಆ ವರ್ಷಗಳಲ್ಲಿ ಅನಾಥರಾದದ್ದು ಅವನೊಬ್ಬನೇ ಅಲ್ಲವಲ್ಲ.

ಶ್ರೀರಂಗಪಟ್ಟಣದ ದ್ವೀಪವೇ ಎಬ್ಬಿಸಿ ತಂದವರ ಊರು. ಗಂಜಾಮನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ತರಿಸಿದ್ದ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಬುಕಾನನ್ ಬರೆಯುತ್ತಾನೆ. 1800ರಲ್ಲಿ ಅವನು ಕೊಟ್ಟ ಲೆಕ್ಕ 31,895. ಉಳಿದವರು ಎಲ್ಲಿ? ಟಿಪ್ಪುವಿನ ಸೇವೆಯಲ್ಲಿದ್ದ ಮುಸ್ಲಿಮರು ಹಳ್ಳಿಗಳತ್ತ ಬರುತ್ತಿರುವುದನ್ನು ಅವನೇ ಒಂದು ಕಡೆ ಹೇಳುತ್ತಾನೆ. ಕೈಯಲ್ಲಿ ಅಷ್ಟಿಷ್ಟು ಇದ್ದವರು ಧಾನ್ಯದ ಸಣ್ಣ ವ್ಯಾಪಾರ ಹಿಡಿದರು. ಇಲ್ಲದವರು ಬೇಸಾಯಗಾರರ ಮನೆಯಲ್ಲಿ ಆಳಾದರು. ಕತ್ತಿ ಹಿಡಿದ ಕೈಗೆ ನೇಗಿಲು ಗೊತ್ತಿಲ್ಲ. ಬೇರೆ ಆಳು ಸಿಗದಿದ್ದಾಗ ಮಾತ್ರ ಇವರಿಗೆ ಕರೆ, ಕೂಲಿಯೂ ಕಡಿಮೆ, ಅದನ್ನೂ ಎಷ್ಟೋ ಸಲ ಕಾಳಿನಲ್ಲೇ ಅಳೆಯುತ್ತಿದ್ದರು. ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ, ಸಾಲದಲ್ಲಿ ಮುಳುಗಿದವನೂ ಒಬ್ಬ. ಆದರೆ ಜಕಾತು ಕೊಡಬೇಕಾದವರೇ ದಾರಿಗೆ ಬಿದ್ದಿದ್ದರು.

ದಿವಾನ್ ಪೂರ್ಣಯ್ಯ ಮಾಡಿದ ದೊಡ್ಡ ಉಪಕಾರ ದಾನವಲ್ಲ. ಕಂದಾಯದ ಹಳೆಯ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಮಾಫಿ ಮಾಡಿದ್ದು. ಹಿಂದಿರುಗಿದ ರೈತನ ಬೆನ್ನಿಗೆ ಅಮಲ್ದಾರ ಬೀಳಲಿಲ್ಲ ಎಂಬುದೇ ಅಂದು ಬಹಳ. ಸಿಲ್ಲೇದಾರ್ ಕುದುರೆ ದಳದಲ್ಲೂ ಕಂದಾಚಾರದಲ್ಲೂ ಸಿಪಾಯಿಗಳಿಗೆ ಜಾಗ ಸಿಕ್ಕಿತು. ನೂರು ಗಂಜಿಕೇಂದ್ರಗಳಿಗಿಂತ ಇದು ಹೆಚ್ಚು ಹೊಟ್ಟೆ ತುಂಬಿಸಿರಬೇಕೆಂದು ನನ್ನ ಎಣಿಕೆ.

ಸಂತ್ರಸ್ತರ ನಡುವೆಯೇ ಕೂತು ಕೆಲಸ ಮಾಡಿದವರೆಂದು ಹೆಸರಿಟ್ಟು ಹೇಳಬಹುದಾದ ಒಬ್ಬರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ತಂದಿದ್ದ. ಅವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಾರಿಯಲ್ಲೇ ಸತ್ತವರು, ಬಲವಂತವಾಗಿ ಮತ ಬದಲಿಸಬೇಕಾದವರು ಅವರಲ್ಲಿದ್ದರು. ಇದನ್ನು ಮುಚ್ಚಿಟ್ಟು ಟಿಪ್ಪುವಿನ ಕತೆ ಹೇಳುವುದು ಸರಿಯಲ್ಲ. 1799ರಲ್ಲಿ ಬಿಡುಗಡೆಯಾದಾಗ ಬಹಳಷ್ಟು ಮಂದಿ ಕರಾವಳಿಗೆ ನಡೆದರು. ಅಳಿದುಳಿದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ದುಬಾಯ್ ಬಂದರು.

1792ರಲ್ಲಿ ಫ್ರಾನ್ಸಿನ ಕ್ರಾಂತಿಯ ಗದ್ದಲದ ನಡುವೆ ದೇಶ ಬಿಟ್ಟು ಬಂದ ಅವರೂ ಒಂದು ಬಗೆಯಲ್ಲಿ ನಿರಾಶ್ರಿತರೇ. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬದುಕಿದ ಅವರನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆದರು. ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂದು ಅವರಿಗೆ ಬೇಗ ಗೊತ್ತಾಗಿರಬೇಕು. ನಿರ್ಗತಿಕರಾಗಿದ್ದ ತಮ್ಮ ಜನಕ್ಕೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು; ಹಾಸನದ ಹತ್ತಿರದ ಸಾತಳ್ಳಿ ಅವುಗಳಲ್ಲಿ ಮುಖ್ಯವಾದದ್ದು. ಸಿಡುಬಿಗೆ ಗೋವಿನ ದೇವಿ ಹಾಕುವ ಹೊಸ ವಿದ್ಯೆ ಆಗಷ್ಟೇ ಇಂಡಿಯಾಕ್ಕೆ ಬಂದಿತ್ತು. 1803-04ರಲ್ಲಿ ಅವರ ಕೆಲಸದಿಂದ 25,432 ಜನ ಅದನ್ನು ಹಾಕಿಸಿಕೊಂಡರೆಂದು ಲೆಕ್ಕವಿದೆ. ಭೂಮಿ ಅವರ ಮತದವರಿಗೆ ಮಾತ್ರ ಸಿಕ್ಕಿತು ಎಂದು ಆಡಿಕೊಳ್ಳಬಹುದು. ಆ ಕಾಲದ ನೆರವೆಲ್ಲ ಹೀಗೇ ತನ್ನ ಬಾಗಿಲಿನೊಳಗಿನವರನ್ನು ಮೊದಲು ಕರೆಯುತ್ತಿತ್ತು. ಸಿಡುಬು ಮಾತ್ರ ಯಾರ ಮತವನ್ನೂ ಕೇಳುತ್ತಿರಲಿಲ್ಲ.

ಉಳಿದದ್ದು ದಾರಿಬದಿಯ ಛತ್ರ, ಅರವಟ್ಟಿಗೆ, ದರ್ಗಾದ ಲಂಗರು, ನೆಂಟರ ಜಗಲಿ. ಮಳವಳ್ಳಿಯಿಂದ ಹೊರಟ ತಾಯಿಯೊಬ್ಬಳ ಸೆರಗಿಗೆ ಯಾರೋ ಒಂದು ಸೇರು ರಾಗಿ ಹಾಕಿದ್ದರೆ ಅದು ಯಾವ ರಿಪೋರ್ಟಿನಲ್ಲೂ ಬಾರದು. ದುಬಾಯ್ ಇಲ್ಲಿನ ಜನರ ಆಚಾರ ವಿಚಾರಗಳ ಬಗ್ಗೆ ಬರೆದ ಹಸ್ತಪ್ರತಿಯನ್ನು ಕಂಪೆನಿ ಸರ್ಕಾರ ಎರಡು ಸಾವಿರ ಪಗೋಡ ಕೊಟ್ಟು ಕೊಂಡಿತು. 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ಸಾತಳ್ಳಿಯವರು ಹೊಲಗಳನ್ನು ಉಳುತ್ತ ಅಲ್ಲೇ ಉಳಿದರು.